ನಿಂಗಮ್ಮನ ಹೊಲಕ್ಕೆ ನಾನು ಹೋಗದ ಎಳ್ಳಮಾಸಿ

"ಏ, ಬಾಗಿಲದಾಗ ಯಾಕ ನಿಂತಿ? ಒಳಗ ಬಾ. ಉಂಡಿ ಏನು?"

ಶಹಾಪುರದ ಹಾಸ್ಟೆಲಿನಲ್ಲಿ ನನ್ನನ್ನು ಎದುರುಗೊಂಡ ಮೊದಲ ಮಾತಿದು. ಟ್ರಂಕು ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟೆ. ಮುಖ ನೋಡಿದ ಕೂಡಲೇ ಇವಳು ಬೈಯುವಂಥದ್ದು ನಾನೇನು ಮಾಡಿದೆ ಎಂದುಕೊಂಡೆ. ಬೈದದ್ದಲ್ಲ, ಊಟಕ್ಕೆ ಕರೆದದ್ದು ಎಂದು ಹೊಳೆಯುವಷ್ಟರಲ್ಲಿ ಅವಳು ನನ್ನ ಟ್ರಂಕನ್ನು ಮಂಚದ ಕೆಳಗೆ ತಳ್ಳಿಯಾಗಿತ್ತು. ಅವಳೇ ನಿಂಗಮ್ಮ, ಶಿರವಾಳದ ಹತ್ತಿರದ ಹಳ್ಳಿಯೊಂದರ ಒಕ್ಕಲುಮನೆಯ ಹುಡುಗಿ.

ಮಂಡ್ಯದ ಹುಡುಗಿಗೆ ಟೀಚರ್ ಟ್ರೈನಿಂಗ್ ಸೀಟು ಅಷ್ಟು ದೂರ ಸಿಕ್ಕಿತಲ್ಲ ಎಂದು ನಮ್ಮೂರಿನವರಾದ ನಿಮ್ಮಲ್ಲಿ ಹಲವರು ಆಗ ಮರುಗಿದ್ದಿರಿ. ಯಾರ ಜೊತೆ ಯಾರು ಇರಬೇಕೆಂದು ನಮ್ಮನ್ನು ಯಾರೂ ಕೇಳಲಿಲ್ಲ. ವಾರ್ಡನ್ ಮೇಡಂ ಸಾಲಿನಲ್ಲಿ ನಿಂತವರಿಗೆ ಬೆರಳು ತೋರಿಸುತ್ತಾ ಮೂರು ಮೂರು ಜನರನ್ನು ಒಂದೊಂದು 'ಖೋಲಿ'ಗೆ ಅಟ್ಟಿದರು. ಅಲ್ಲಿ ಕೋಣೆಯನ್ನು ಕರೆಯುವುದೇ ಹಾಗೆ. ಮೂರನೆಯವಳು ಯಾದಗಿರಿ ಪಕ್ಕದ ಮುದನಾಳದ ಭೀಮಬಾಯಿ. ಅವಳ ಮಂಚದ ಮೇಲೆ ಬುದ್ಧನ ಪಟ, ನನ್ನ ಮಂಚದ ಮೇಲೆ ಚಾಮುಂಡಿಯದು. ನಿಂಗಮ್ಮನ ಗೋಡೆ ಖಾಲಿ. "ದೇವ್ರು ಊರಾಗ ಅದಾನ, ಇಲ್ಲಿ ಮತ್ತ್ಯಾಕ?" ಅನ್ನುತ್ತಿದ್ದಳು.

ಊಟದಲ್ಲಿ ನಾನು ಸೋತೆ. ನಮ್ಮ ಮುದ್ದೆ ನುಂಗಿದರೆ ಆಯಿತು, ಇವರ ಜೋಳದ ರೊಟ್ಟಿಗೆ ದವಡೆ ಬೇಕು. ಭೀಮಬಾಯಿ ನನ್ನ ಪಾಲಿನ ರೊಟ್ಟಿಯನ್ನು ಸಾರಿನಲ್ಲಿ ಮುರಿದು ನೆನೆಸಿ, ಕೂಸಿಗೆ ಕೊಟ್ಟ ಹಾಗೆ ಕೊಡುತ್ತಿದ್ದಳು. ನನಗೂ ಅವರ ಎದುರು ಜಂಭ ಕೊಚ್ಚಲು ಒಂದು ವಿಷಯವಿತ್ತು. ನಾಲೆ. ನಮ್ಮ ಕಡೆ ಅಜ್ಜಂದಿರ ಕಾಲದಿಂದ ಹರಿಯುವ ನೀರು ಇವರ ಸೀಮೆಗೆ ಆಗಷ್ಟೇ ಬರುತ್ತಿತ್ತು. ನಿಂಗಮ್ಮನ ಹೊಲದ ಹತ್ತಿರದವರೆಗೂ 'ಕೆನಾಲ' ತೋಡಿದ್ದರು. ನಮ್ಮಲ್ಲಿ ದಿನವೆಲ್ಲ ಕೆಸರಲ್ಲಿ ನಿಂತು ಭತ್ತದ ನಾಟಿ ಹಾಕುತ್ತಾರೆಂದರೆ ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು. ಕಾಲಿಗೆ ಕೆಸರು ಮೆತ್ತಿಕೊಳ್ಳುವುದೂ ಒಂದು ಒಕ್ಕಲುತನವೇನು ಎಂದು ಕೇಳುತ್ತಿದ್ದಳು.

ಒಂದು ದಿನ ಅವಳು ನಗದೆ ಹೇಳಿದ ಮಾತು ಇದು: "ನಮ್ಮವ್ವಗ ನಾ ಇಲ್ಲಿರೋದು ಮನಸಿಲ್ಲ. ಪರ ಊರಾಗ ಎಂಥಾ ಮಂದಿ ಜೋಡಿ ಅದಾಳೋ ಅಂತ ಹಲಬ್ತಾಳ. ಅಪ್ಪ ಹಟ ಹಿಡಿದು ಈ ಒಂದು ವರ್ಷ ಕಳಿಸ್ಯಾನ."

ಡಿಸೆಂಬರ್ ಕೊನೆಗೆ ಎಳ್ಳಮಾಸಿ ಬಂತು. ಎಳ್ಳ ಅಮಾವಾಸ್ಯೆ ನಮ್ಮಲ್ಲಿ ಕ್ಯಾಲೆಂಡರಿನಲ್ಲಿ ಮಾತ್ರ ಇರುತ್ತದೆ, ಅಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಕಡಬು, ಹತ್ತಾರು ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ ಪಲ್ಯ ಕಟ್ಟಿಕೊಂಡು ಹೋಗಿ, ನಿಂತ ಜೋಳದ ನಡುವೆ ಅದನ್ನೇ ಚೆಲ್ಲುತ್ತಾ ಹೊಲ ಸುತ್ತುತ್ತಾರೆ. ಭೂಮಿಗೆ ಉಣಿಸುವ ಆ ಎಡೆಯೇ ಚರಗ. ಆಮೇಲೆ ಕರೆದವರೊಂದಿಗೆ ಕೂತು ಊಟ.

"ಎಳ್ಳಮಾಸಿಗಿ ನಮ್ಮ ಹೊಲಕ್ಕ ಬರ್ರಿ ಇಬ್ಬರೂ," ಎಂದಳು ನಿಂಗಮ್ಮ. "ಅವ್ವ ನಿಮ್ಮನ್ನ ನೋಡ್ಬೇಕಂತ."

"ನನಗ ಆಗಂಗಿಲ್ಲ," ಎಂದಳು ಭೀಮಬಾಯಿ. "ಅಕ್ಕ ಬಾಣಂತಿ ಅದಾಳ, ಊರಿಗಿ ಹೋಗ್ಬೇಕು. ನನ್ನ ದಾರಿ ಕಾಯಬ್ಯಾಡ್ರಿ."

ಎಷ್ಟು ಒರಟು ಹುಡುಗಿ ಅಂದುಕೊಂಡೆ. ನಾನು ಮಾತ್ರ ನಮ್ಮ ಕಡೆಯ ಮರ್ಯಾದೆಯಂತೆ ನಕ್ಕು, "ಬರ್ತೀನಿ ಕಣೆ," ಎಂದೆ. ಮೊದಲ ಕರೆಗೆ ಹೂಂ ಅನ್ನುವುದು ನಮ್ಮಲ್ಲಿ ಸೌಜನ್ಯ. ಮನಸ್ಸಿದ್ದವರು ಮತ್ತೆ ಕರೆಯುತ್ತಾರೆ, ಹೊರಡುವಾಗ ಕೈ ಹಿಡಿದು ಎಳೆಯುತ್ತಾರೆ. ನಿಂಗಮ್ಮ ಮತ್ತೆ ಆ ಮಾತೇ ಎತ್ತದೆ ಊರಿಗೆ ಹೋದಳು. ಬಾಯಿ ಮಾತಿಗೆ ಕರೆದಳು ಎಂದುಕೊಂಡು, ಅಮ್ಮನ ಕೈ ಅನ್ನ ನೆನೆದು, ಯಾದಗಿರಿಯಲ್ಲಿ ರೈಲು ಹತ್ತಿಬಿಟ್ಟೆ.

ರಜೆ ಮುಗಿಸಿ ಬಂದಾಗ ಭೀಮಬಾಯಿ ಕಾಯುತ್ತಿದ್ದಳು. "ಬರ್ತೀನಂದು ಎಲ್ಲಿ ಹೋಗಿದ್ದಿ? ಹೊತ್ತು ಇಳಿಯೂತನ ಚರಗ ಚೆಲ್ಲದ ನಿನ್ನ ದಾರಿ ಕಾದಾರ. ನಮ್ಮ ಕಡಿ ಒಮ್ಮಿ ಕರದ್ರ ಕರದಂಗ, ಹೂಂ ಅಂದ್ರ ಬಂದಂಗ."

ನಿಂಗಮ್ಮ ಬೈಯಲಿಲ್ಲ. ನನಗೆಂದು ಎತ್ತಿಟ್ಟು ಗಟ್ಟಿಯಾಗಿದ್ದ ಕಡಬನ್ನು ನನ್ನ ಮುಂದಿಟ್ಟು, "ಅವ್ವ ಅಂದ್ಳು, ಹೊಲಕ್ಕ ಕರದ್ರ ಬರಲಾರದ ಮಂದಿ ಎಂಥಾ ಮಂದಿ ಅಂತ," ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮುಂದಿನ ಎಳ್ಳಮಾಸಿಗೆ ಖಂಡಿತ ಬರುತ್ತೇನೆ ಎಂದು ನಾನು ಅತ್ತುಬಿಟ್ಟೆ.

ಎರಡನೆಯ ವರ್ಷಕ್ಕೆ ನಿಂಗಮ್ಮ ಬರಲಿಲ್ಲ. ಅವಳ ಮಂಚಕ್ಕೆ ಸುರಪುರದ ಹುಡುಗಿಯೊಬ್ಬಳು ಬಂದಳು, ಒಳ್ಳೆಯವಳೇ. ನನಗೆ ಅವಳ ಜೊತೆ ಸರಿಯಾಗಿ ಮಾತಾಡಲೂ ಮನಸ್ಸಾಗಲಿಲ್ಲ.

ಆ ಸಲದ ಎಳ್ಳಮಾಸಿಗೆ ಯಾರೂ ಕರೆಯದೆ ನಾನೇ ಹೋದೆ. ಅಷ್ಟು ಹೊತ್ತಿಗೆ ನೀರು ಬಂದಿತ್ತು. ಜೋಳದ ಹೊಲ ಭತ್ತದ ಮಡಿಯಾಗಿತ್ತು. ಆಂಧ್ರದ ಕಡೆಯಿಂದ ಬಂದವರೊಬ್ಬರಿಗೆ ಅದನ್ನು ಲೀಸಿಗೆ ಕೊಟ್ಟು, ತಾಯಿ-ಮಗಳು ಅದರಲ್ಲೇ ಕೂಲಿಗೆ ನಾಟಿ ಹಾಕುತ್ತಿದ್ದರು. ನಿಂಗಮ್ಮ ಮೊಣಕಾಲುದ್ದದ ಕೆಸರಲ್ಲಿ ಸೆರಗು ಕಟ್ಟಿ ನಿಂತಿದ್ದಳು. ನನ್ನನ್ನು ಕಂಡು ನಕ್ಕಳು, ಹತ್ತಿರ ಬರಲಿಲ್ಲ. ಅವಳ ತಾಯಿ ಬದುವಿಗೆ ಬಂದು ಕೈ ಒರೆಸಿಕೊಂಡರು.

"ನೀನೇನವ್ವಾ ಆ ಮಂಡ್ಯದಾಕಿ? ಕೂಡು ಅಂದ್ರ ಒಣ ಜಾಗ ಇಲ್ಲ. ಚರಗ ಎಲ್ಲಿ ಚೆಲ್ಲೋದು ಈ ನೀರಾಗ, ಈ ವರ್ಷ ಮಾಡಿಲ್ಲ."

ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಇಷ್ಟು ಸಣ್ಣ ಹುಡುಗಿ ಅದಿಯಲ್ಲವ್ವಾ. ನಾ ಏನೇನೋ ಅಂದ್ಕೊಂಡಿದ್ದೆ. ಹ್ವಾದ ವರ್ಷ ನಿನ್ನ ನೋಡಿದ್ರ ಅಕಿನ್ನ ಸಾಲಿ ಬಿಡಿಸ್ತಿರಲಿಲ್ಲ. ಈಗ ಲಗ್ನ ಗೊತ್ತಾಗ್ಯಾದ."

ಟ್ರೈನಿಂಗ್ ಮುಗಿದ ಮೇಲೆ ಇದೇ ತಾಲ್ಲೂಕಿನಲ್ಲಿ ಕೆಲಸ ಸಿಕ್ಕಿ ಉಳಿದುಕೊಂಡೆ. ಇಲ್ಲಿಯವರಿಗೆ ನಾನು ಇನ್ನೂ 'ಮೈಸೂರು ಕಡೆಯಾಕಿ'. ಮಂಡ್ಯಕ್ಕೆ ಬಂದರೆ ನನ್ನ ಮಾತು ಬಿರುಸಾಗಿದೆ ಎಂದು ನೀವು ನಗುತ್ತೀರಿ. ನಿಮ್ಮ ಹಸಿರು ಗದ್ದೆ ನೋಡಿದರೆ ಮೊದಲಿನಂತೆ ನನ್ನ ಕಣ್ಣು ತಂಪಾಗುವುದಿಲ್ಲ. ಎಳ್ಳಮಾಸಿಯ ರಜೆಗೆ ಊರಿಗೆ ಬಾ, ಅದು ನಮ್ಮ ಹಬ್ಬವಲ್ಲವಲ್ಲ ಎಂದು ಅಮ್ಮ ಪ್ರತಿ ವರ್ಷ ಹೇಳುತ್ತಾಳೆ. ನಾನು ಬರುವುದಿಲ್ಲ. ಒಮ್ಮೆ ಕರೆದವರ ಹೊಲಕ್ಕೆಲ್ಲ ತಪ್ಪದೆ ಹೋಗಿ ಉಣ್ಣುತ್ತೇನೆ. ನಿಂಗಮ್ಮನ ಮನೆಯಿಂದ ಮಾತ್ರ ಇಂದಿಗೂ ಕರೆ ಬಂದಿಲ್ಲ.