ಬ್ಲ್ಯಾಕ್ ಬೆಲ್ಟಿನ ಮೇಲೊಂದು ಡಿಪ್ಲೊಮಾ

ಕಡಬದ ಒಂದು ಶಾಲೆಯಲ್ಲಿ ನಾನು ಮಕ್ಕಳಿಗೆ ಕರಾಟೆ ಕಲಿಸುತ್ತೇನೆ. ಕಲಿಸತೊಡಗಿ ವರ್ಷಗಳೇ ಕಳೆದ ಮೇಲೆ ಒಂದು ಶನಿವಾರ ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದು ಕೂರಿಸಿದರು. ಅವರ ಮೇಜಿನ ಮೇಲೆ ನನ್ನ ಸರ್ಟಿಫಿಕೇಟು ಇತ್ತು. ಅದರಲ್ಲೊಂದು ಹುಲಿ, ಹುಲಿಯ ಬೆನ್ನ ಹಿಂದೆ ಸೂರ್ಯ, ಸೂರ್ಯನ ನೆತ್ತಿಯ ಮೇಲೆ ‘ಇಂಟರ್‌ನ್ಯಾಷನಲ್’ ಎಂಬ ಪದ. ಪುತ್ತೂರಿನಲ್ಲಿ ಮದುವೆ ಕಾಗದ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಮಾಡಿಸಿದ್ದು ಅದು. ನನಗೆ ಕರಾಟೆ ಕಲಿಸಿದ ಮಾಸ್ಟ್ರ ಇನ್ನೊಬ್ಬ ಶಿಷ್ಯ ಕತಾರಿಗೆ ಹೋಗಿ ರೂಮಿನವರಿಗೆಲ್ಲ ಪಂಚ್ ಕಲಿಸಿದ ಮೇಲೆ ನಮ್ಮ ಸಂಸ್ಥೆ ಇಂಟರ್‌ನ್ಯಾಷನಲ್ ಆಗಿತ್ತು.

“ಇದಕ್ಕೆ ಮಾನ್ಯತೆ ಇಲ್ಲ ಅಂತ ಕಮಿಟಿಯವರು ಹೇಳ್ತಾರೆ ಮೇಡಂ. ಮಾನ್ಯತೆ ಇದ್ದ ಡಿಪ್ಲೊಮಾ ಬೇಕಂತೆ,” ಎಂದರು.

“ನಂಗೆ ಬ್ಲ್ಯಾಕ್ ಬೆಲ್ಟ್ ಉಂಟಲ್ಲ?”

“ಬೆಲ್ಟನ್ನು ಫೈಲಿಗೆ ಹಾಕ್ಲಿಕ್ಕೆ ಆಗುದಿಲ್ಲ.”

ಹೊರಗೆ ಬಂದು ಮಾಸ್ಟ್ರಿಗೆ ಫೋನು ಮಾಡಿದೆ.

ಮಾಸ್ಟ್ರು ಉಪ್ಪಿನಂಗಡಿಯ ಬ್ಯಾರಿ ಮುಸ್ಲಿಮರು. ದುಬಾಯಿಯಲ್ಲಿ ಕೆಲಸಕ್ಕಿದ್ದಾಗ ಒಬ್ಬ ಶ್ರೀಲಂಕಾದವರ ಹತ್ತಿರ ಕರಾಟೆ ಕಲಿತು, ಊರಿಗೆ ಬಂದು ಚಪ್ಪಲಿ ಅಂಗಡಿ ಇಟ್ಟವರು. ಹಗಲಿಡೀ ಜನರ ಕಾಲಿಗೆ ಚಪ್ಪಲಿ ಹಾಕಿಸಿ, ಸಂಜೆ ನಮ್ಮನ್ನು ಬರಿಗಾಲಲ್ಲಿ ಸಿಮೆಂಟಿನ ನೆಲದ ಮೇಲೆ ನಿಲ್ಲಿಸುತ್ತಿದ್ದರು. ಹೈಸ್ಕೂಲಿನಲ್ಲಿದ್ದಾಗ ಅವರ ಕ್ಲಾಸಿಗೆ ಸೇರಿದ ನಾನು ಅವರ ಬಾಯಿಂದ ಬೈಗುಳ ಬಿಟ್ಟು ಬೇರೆ ಏನನ್ನೂ ಕೇಳಿರಲಿಲ್ಲ. ಕ್ಲಾಸಿನಲ್ಲಿ ಪಿಸುಗುಟ್ಟಿದರೆ ಮುಷ್ಟಿಯ ಮೇಲೆ ದಂಡ ಹೊಡೆಯಬೇಕಿತ್ತು.

“ನಂಗೂ ಹೇಳಿದ್ದಾರೆ, ನಾನು ಕಲಿಸ್ಲಿಕ್ಕೆ ಹೋಗುವ ಶಾಲೆಯವರು,” ಎಂದರು ಫೋನಿನಲ್ಲಿ. “ಪುತ್ತೂರಲ್ಲಿ ಆದಿತ್ಯವಾರ ಕ್ಲಾಸ್ ಉಂಟಂತೆ, ಒಂದು ವರ್ಷದ್ದು. ಹತ್ತನೇ ಪಾಸಾದ್ರೆ ಸಾಕಂತೆ. ನಾನು ಹತ್ತನೇ ಪಾಸು, ಗೊತ್ತುಂಟಾ ನಿಂಗೆ?”

ಗೊತ್ತಿರಲಿಲ್ಲ. ಹೀಗೆ ಅರುವತ್ತು ದಾಟಿದ ಗುರುಗಳೂ ನಲುವತ್ತು ದಾಟಿದ ಶಿಷ್ಯೆಯೂ ಸಹಪಾಠಿಗಳಾದೆವು. ನಾನು ಕಡಬದಿಂದ ಬರುವ ಬಸ್ಸಿಗೆ ಅವರು ಉಪ್ಪಿನಂಗಡಿಯಲ್ಲಿ ಹತ್ತುತ್ತಿದ್ದರು. ಪುತ್ತೂರಿನ ಕ್ಲಾಸಿನಲ್ಲಿ ನಮ್ಮ ಮಾಸ್ಟ್ರು ನೇರ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ನಾನು ಮುಂದೆ ಕೂರಲು ಹೊರಟಾಗ ಕಣ್ಣಿನಲ್ಲೇ ಹಿಂದಕ್ಕೆ ಕರೆದರು. ಆಮೇಲೆ ಪಿಸುಗುಟ್ಟಲು ಶುರು. “ಎಂತ ಹೇಳಿದ್ದು ಅವರು? ಇದು ಪರೀಕ್ಷೆಗೆ ಬರ್ತದಾ? ಬನ್ಸ್ ತಿನ್ಲಿಕ್ಕೆ ಎಷ್ಟು ಹೊತ್ತಿಗೆ ಬಿಡ್ತಾರೆ?” ಇಷ್ಟು ವರ್ಷ ನಮ್ಮಿಂದ ದಂಡ ಹೊಡೆಸಿದ ಮನುಷ್ಯ ಇವರೇನಾ ಎಂದು ನನಗೆ ಸಂಶಯ ಬಂತು.

ಪಾಠ ಮಾಡುತ್ತಿದ್ದವರು ದೈಹಿಕ ಶಿಕ್ಷಣದಲ್ಲಿ ಎಂ.ಪಿ.ಎಡ್. ಮಾಡಿದ ಯುವಕ. ಸಣ್ಣ ಸ್ವರ, ದೊಡ್ಡ ತಾಳ್ಮೆ. ಅವರು ಕೊಟ್ಟ ನೋಟ್ಸಿನಲ್ಲಿ ಒದೆಯುವುದಕ್ಕೆ ‘ಪಾದಪ್ರಹಾರ’ ಎಂಬ ಹೆಸರಿತ್ತು. ಮಾಸ್ಟ್ರು ಅದನ್ನು ಓದಿ, “ಇದು ಕಾಲಿನ ರೋಗದ ಹೆಸರಿನ ಹಾಗೆ ಉಂಟಲ್ಲ,” ಎಂದರು.

ನಿಜವಾದ ಕಷ್ಟ ಬಂದದ್ದು ಪಾಠ ಮಾಡಿ ತೋರಿಸುವ ದಿನ. ಒಬ್ಬೊಬ್ಬರೂ ಪಾಠಯೋಜನೆ ಬರೆದು, ಉಳಿದವರನ್ನೇ ವಿದ್ಯಾರ್ಥಿಗಳೆಂದು ನಿಲ್ಲಿಸಿ ಕಲಿಸಬೇಕು. ಮಾಸ್ಟ್ರ ಯೋಜನೆಯಲ್ಲಿ ‘ಪಾಠದ ಉದ್ದೇಶ’ದ ಮುಂದೆ ‘ಹೊಡೆಯುವುದು’ ಎಂದಿತ್ತು, ‘ಮೌಲ್ಯಮಾಪನ’ದ ಮುಂದೆ ‘ತಾಗಿತಾ ನೋಡುವುದು’. ಪಾಠ ಮಾತ್ರ ಅದ್ಭುತವಾಗಿತ್ತು. ಸುಳ್ಯದಿಂದ ಬರುತ್ತಿದ್ದ ದಪ್ಪ ಕಬಡ್ಡಿ ಕೋಚ್ ಕೂಡ ಮುಗಿಯುವ ಹೊತ್ತಿಗೆ ಕಾಲು ಎತ್ತಿ ಒದೆಯುತ್ತಿದ್ದರು. ಆದರೆ ಲೆಕ್ಚರರ್ ಪೆನ್ನಿನ ತುದಿ ಕಚ್ಚುತ್ತಾ ನಿಂತಿದ್ದರು.

“ಸರ್, ನೀವು ‘ತಪ್ಪು’ ಅಂತ ಮಾತ್ರ ಹೇಳಿದ್ರಿ. ಸರಿ ಮಾಡಿದಾಗ ಎಂತ ಹೇಳ್ತೀರಿ?”

“ಸರಿ ಮಾಡಿದ್ರೆ ಹೇಳ್ಲಿಕ್ಕೆ ಎಂತ ಉಂಟು? ಸುಮ್ಮನೆ ಇರುದು.”

“ಹಾಗಾದ್ರೆ ಸರಿ ಆಯ್ತು ಅಂತ ಅವರಿಗೆ ಹೇಗೆ ಗೊತ್ತಾಗುದು?”

ಮಾಸ್ಟ್ರು ನನ್ನ ಕಡೆ ತಿರುಗಿದರು. “ನಿಂಗೆ ಗೊತ್ತಾಗ್ತಿತ್ತಲ್ಲ?”

ಹೌದು ಎಂದರೆ ಮುಗಿಯುತ್ತಿತ್ತು. “ಇಲ್ಲ ಮಾಸ್ಟ್ರೆ,” ಎಂದುಬಿಟ್ಟೆ.

ಆ ದಿನ ಬಸ್ಸಿನಿಂದ ಉಪ್ಪಿನಂಗಡಿಯಲ್ಲಿ ಇಳಿಯುವಾಗ, “ಮುಂದಿನ ವಾರ ಪುನಃ ಮಾಡಿ ತೋರಿಸ್ಬೇಕಂತೆ,” ಎಂದಷ್ಟೇ ಹೇಳಿದರು.

ಮುಂದಿನ ವಾರ ಸಾಲಿನಲ್ಲಿ ಒಬ್ಬೊಬ್ಬರ ಎದುರು ನಿಂತು “ಗುಡ್” ಎಂದರು. ಕಹಿ ಮಾತ್ರೆಯನ್ನು ನೀರಿಲ್ಲದೆ ನುಂಗಿದಂತಿತ್ತು ಅವರ ಮುಖ. ನನ್ನ ಎದುರು ಬಂದಾಗ ನಿಂತರು. ಮಂಡಿನೋವಿನಿಂದ ಅಂದು ನನ್ನ ಒದೆತ ಚೆನ್ನಾಗಿರಲಿಲ್ಲ. ಅವರು ಲೆಕ್ಚರರ ಪೆನ್ನನ್ನು ನೋಡಿದರು, ನನ್ನನ್ನು ನೋಡಿದರು.

“ಒಳ್ಳೇದುಂಟು,” ಎಂದರು. “ಮೊದಲಿಂದಲೂ ಒಳ್ಳೇದೇ ಇತ್ತು.” ಆಮೇಲೆ ತಡಮಾಡದೆ, “ಹಿಮ್ಮಡಿ ತಪ್ಪು.”

ಅಂಕಕ್ಕಾಗಿ ಹೇಳಿದ ಮಾತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬೆವರು ಒರೆಸುವ ನೆಪದಲ್ಲಿ ತೋಳಿನಿಂದ ಮುಖ ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ಸುಳ್ಯದವರು ನನಗೆ ಪೆಟ್ಟಾಗಿದೆಯೆಂದು ತಿಳಿದು ನೀರಿನ ಬಾಟಲಿ ತಂದುಕೊಟ್ಟರು.

ಫಲಿತಾಂಶ ವಾಟ್ಸಾಪಿನಲ್ಲಿ ಬಂತು. ಮಾಸ್ಟ್ರು ಎಲ್ಲದರಲ್ಲೂ ಪಾಸು. ನಾನು ಅಂಗರಚನಾಶಾಸ್ತ್ರದಲ್ಲಿ ಫೇಲು.

“ಎಲುಬಿನದ್ದು ಹೋಯ್ತಾ?” ಎಂದು ಫೋನಿನಲ್ಲಿ ಕೇಳಿದರು. ನಗುತ್ತಿದ್ದರೋ ಏನೋ. “ನಾಳೆ ಅಂಗಡಿಗೆ ಬಾ.”

ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು, ಬೂಟು ಹಾಕಿಸುವ ಶೂಹಾರ್ನಿನಿಂದ ತಮ್ಮದೇ ಮೈಯನ್ನು ತೋರಿಸುತ್ತಾ ಹೋದರು. ಅವರ ಪಾಠಕ್ರಮ ನೋಟ್ಸಿನದ್ದಲ್ಲ. ಪೆಟ್ಟು ತಿಂದ ಕ್ರಮದಲ್ಲಿ ಎಲುಬುಗಳನ್ನು ನೆನಪಿಟ್ಟುಕೊಂಡಿದ್ದರು. “ಇದು ಕ್ಲಾವಿಕಲ್, ದುಬಾಯಿಯಲ್ಲಿ ಮುರಿದದ್ದು. ಇದು ರೇಡಿಯಸ್, ಬೈಕಿನಿಂದ ಬಿದ್ದದ್ದು. ಇದು ಕಿರುಬೆರಳಿನ ಫ್ಯಾಲಾಂಜಸ್. ಇದು ಯಾರ ಕೆಲಸ ಅಂತ ನಿಂಗೆ ಗೊತ್ತುಂಟಲ್ಲ?”

ಬ್ರೌನ್ ಬೆಲ್ಟಿನ ಪರೀಕ್ಷೆಯ ದಿನ ನಾನು ಒದ್ದಾಗ ಮುರಿದ ಬೆರಳು ಅದು. ಈಗಲೂ ಸ್ವಲ್ಪ ಓರೆ. “ಅದು ಸರಿಯಾದ ಒದೆತ ಆಗಿತ್ತಾ ಮಾಸ್ಟ್ರೆ?” ಎಂದೆ.

“ಸರಿ ಆದದ್ದಕ್ಕೇ ಮುರಿದದ್ದು ಮಾರಾಯ್ತಿ.”

ಚಪ್ಪಲಿ ಕೊಳ್ಳಲು ಬಂದು ಕಾದು ಕೂತಿದ್ದ ಒಬ್ಬರು ಅಜ್ಜಿ ಇದನ್ನೆಲ್ಲ ಕೇಳಿಸಿಕೊಂಡು, ಇಷ್ಟು ಕಡೆ ಮುರಿದವರು ದಿನಾ ಎಣ್ಣೆ ಹಚ್ಚಿ ಬಿಸಿನೀರು ಹೊಯ್ದುಕೊಳ್ಳಬೇಕೆಂದು ಸಲಹೆ ಕೊಟ್ಟರು.

ಸಪ್ಲಿಮೆಂಟರಿಯಲ್ಲಿ ನಾನೂ ಪಾಸಾದೆ. ಪುತ್ತೂರಿನಲ್ಲಿ ಸಣ್ಣದೊಂದು ಸಮಾರಂಭ ಇಟ್ಟಿದ್ದರು. ಮುಖ್ಯ ಅತಿಥಿಗಳು ಕರಾಟೆಯನ್ನು ನೃತ್ಯ ಪ್ರಕಾರವೆಂಬಂತೆ ಹೊಗಳಿ ಕೂತರು. ಮಾಸ್ಟ್ರು ವೇದಿಕೆಗೆ ಹೋದವರು ಲೆಕ್ಚರರ ಎದುರು ಕಾಲು ಜೋಡಿಸಿ, ನಮ್ಮ ಕ್ರಮದಂತೆ ಸೊಂಟದಿಂದ ಬಾಗಿದರು. ಆ ಹುಡುಗ ಗಾಬರಿಯಾಗಿ ತಾನೂ ಬಾಗಿದ. ಇಬ್ಬರ ತಲೆ ಢಿಕ್ಕಿ ಹೊಡೆದ ಸದ್ದು ಮೈಕಿನಲ್ಲಿ ಸಭೆಗೆಲ್ಲ ಕೇಳಿಸಿತು. ಫೋಟೋದಲ್ಲಿ ಇಬ್ಬರೂ ಹಣೆ ಉಜ್ಜಿಕೊಳ್ಳುತ್ತಿದ್ದಾರೆ.

ಸೋಮವಾರ ನಾನು ಡಿಪ್ಲೊಮಾವನ್ನು ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿ, ಸೀಲು ನೋಡಿ, ಸಹಿ ನೋಡಿ, ಕೊನೆಗೆ ಹೆಸರು ನೋಡಿದರು.

“ನಿಮ್ಮ ಇನಿಶಿಯಲ್ ತಪ್ಪಾಗಿದೆಯಲ್ಲ ಮೇಡಂ?”

ಹೌದು, ತಪ್ಪಾಗಿತ್ತು. ಅಷ್ಟು ಸಂಭ್ರಮದಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ತಿದ್ದುಪಡಿಗೆ ಅರ್ಜಿ ಹಾಕಬೇಕು, ಅಫಿಡವಿಟ್ಟು ಮಾಡಿಸಬೇಕು, ಸ್ವಲ್ಪ ಕಾಲ ಹಿಡಿಯುತ್ತದೆ ಎಂದೆ. ಅವರು ಕಿಟಕಿಯಿಂದ ಹೊರಗೆ ನೋಡಿದರು. ಮೈದಾನದಲ್ಲಿ ಮಕ್ಕಳು ಆಗಲೇ ಸಾಲಾಗಿ ನಿಂತು ಒಬ್ಬರಿಗೊಬ್ಬರು ಗುದ್ದುತ್ತಿದ್ದರು.

“ಅದು ಬರುವಾಗ ಬರ್ಲಿ. ನೀವು ಕ್ಲಾಸಿಗೆ ಹೋಗಿ,” ಎಂದರು.

ಅದು ಇನ್ನೂ ಬಂದಿಲ್ಲ. ಕ್ಲಾಸು ನಡೆಯುತ್ತಿದೆ.