ಹನ್ನೊಂದು ಸಾಲು

ಸ್ಮಿತಾ, ನಿನ್ನ ಅಪ್ಪನಿಗೆ ನಾನು ಸುಳ್ಳು ಹೇಳಿದೆ. ಓದಲು ಬರುತ್ತಿದ್ದ ಹನ್ನೊಂದು ಸಾಲುಗಳನ್ನು ಓದಲಾಗುವುದಿಲ್ಲ ಎಂದೆ. ಆ ಸಾಲುಗಳು ಅವರಿಗೆ ಎಷ್ಟು ಬೇಕಾಗಿದ್ದವು ಎಂದು ಆಗಲೇ ನನಗೆ ಗೊತ್ತಿತ್ತು — ಗೊತ್ತಿದ್ದೇ ಹೇಳಿದೆ.

ಅದು 2004ರ ಚಳಿಗಾಲ. ನಾರ್ತ್‌ರಿಜ್‌ನಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದ ನಾನು ಪ್ರತಿ ಶನಿವಾರ ಬೆಳಿಗ್ಗೆ ಬಸ್ಸಿನ ಮೇಲೆ ಬಸ್ಸು ಬದಲಿಸಿ ನಗರದ ಇನ್ನೊಂದು ತುದಿಯ ಸೆರಿಟೋಸ್‌ನ ನಿಮ್ಮ ಮನೆಗೆ ಬರುತ್ತಿದ್ದೆ. ನೀನು ಆ ಮನೆ ಬಿಟ್ಟು ಎರಡು ವರ್ಷವಾಗಿತ್ತು. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿದ್ದ ನಿನ್ನ ಅಪ್ಪ, ನನ್ನ ವಾಸುದೇವ ಅಂಕಲ್, ಐರ್ಲೆಂಡಿನ ಒಂದು ಜಮೀನ್ದಾರಿ ಮನೆತನದ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಉಡುಪಿಯವರಿಗೆ ಐರ್ಲೆಂಡಿನ ಉಸಾಬರಿ ಯಾಕೆ ಎಂದು ಒಮ್ಮೆ ಕೇಳಿದ್ದೆ. "ಊರಿನ ಜಾಗದ ತಕರಾರು ಸಾಕಾಗಿ ಈ ದೇಶಕ್ಕೆ ಬಂದದ್ದು ಮಾರಾಯ್ತಿ, ಓದ್ಲಿಕ್ಕೆ ಕೂತ್ರೆ ಐರ್ಲೆಂಡಲ್ಲಿಯೂ ಅದೇ ಸಿಕ್ಕಿತು" ಎಂದು ನಕ್ಕಿದ್ದರು.

ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿತ್ತು. ಹಳೆಯ ಪತ್ರಗಳ ಜೆರಾಕ್ಸ್ ಪ್ರತಿಗಳನ್ನು ನಾನು ಓದಿ ಹೇಳಬೇಕು, ಆಮೇಲೆ ಟೈಪ್ ಮಾಡಬೇಕು. ಅಕ್ಷರ ಅಳಿಸಿಹೋದ ಕಡೆ ಕಂಸದೊಳಗೆ 'ಓದಲಾಗಲಿಲ್ಲ' ಎಂದು ಹಾಕುವುದು ಈ ಕೆಲಸದ ಪದ್ಧತಿ. ಹಾಗೆ ಬರೆದವರ ಕಣ್ಣನ್ನು ಉಳಿದವರು ನಂಬುತ್ತಾರೆ, ಮತ್ತೆ ಯಾರೂ ತೆಗೆದು ನೋಡುವುದಿಲ್ಲ.

ಸುಮಾರು ಮುನ್ನೂರು ವರ್ಷದ ಹಿಂದೆ ಅಲ್ಲಿ ಒಂದು ಕಾನೂನಿತ್ತು. ಕ್ಯಾಥೊಲಿಕ್ ಜಮೀನ್ದಾರನ ಹಿರಿಯ ಮಗ ಆಳುವವರ ಪ್ರಾಟೆಸ್ಟೆಂಟ್ ಚರ್ಚಿಗೆ ಸೇರಿದರೆ ಜಮೀನಿನ ಹಕ್ಕು ಮಗನಿಗೆ. ಅಪ್ಪ ತಾನು ಬದುಕಿರುವ ತನಕ ಅನುಭವಿಸಬಹುದು, ಮಾರುವಂತಿಲ್ಲ. ಎಷ್ಟೋ ಮನೆಗಳು ಹೀಗೆ ಒಡೆದವು. ತಮ್ಮ ಪುಸ್ತಕದ ಮನೆತನ ಮಾತ್ರ ಒಡೆಯಲಿಲ್ಲ, ಅಲ್ಲಿ ಯಾರೂ ಚರ್ಚು ಬದಲಿಸಲಿಲ್ಲ ಎಂದು ಅಂಕಲ್ ನಂಬಿದ್ದರು. ಆ ನಂಬಿಕೆ ಬರೀ ಇತಿಹಾಸದ್ದಾಗಿರಲಿಲ್ಲ. "ಅಷ್ಟು ಒತ್ತಾಯ ಇದ್ರೂ ಅವ್ರು ಬಿಡ್ಲಿಲ್ಲ ನೋಡು. ನನ್ನ ಮಗಳಿಗೆ ಎಂತ ಒತ್ತಾಯ ಇತ್ತು?" ಎನ್ನುತ್ತಿದ್ದರು. ಶಾಲೆಯಲ್ಲಿ ಜೊತೆಗೆ ಓದಿದ ಫಿಲಿಪಿನೋ ಹುಡುಗ ರೇಮಂಡ್‌ನನ್ನು ಮದುವೆಯಾಗಲು ನೀನು ಕ್ಯಾಥೊಲಿಕ್ ಆಗಿ ಸ್ಯಾನ್ ಡಿಯಾಗೋಗೆ ಹೋದ ಮೇಲೆ ಅವರು ನಿನ್ನೊಡನೆ ಮಾತಾಡಿರಲಿಲ್ಲ.

ಶನಿವಾರ ಹತ್ತು ಗಂಟೆಗೆ ನಿನ್ನ ಫೋನು ಬರುತ್ತಿತ್ತು. ನಿನ್ನ ಅಮ್ಮ ಫೋನು ಹಿಡಿದು ಬಾಗಿಲಲ್ಲಿ ಒಂದು ಗಳಿಗೆ ನಿಂತು ಅಂಕಲ್ ಮುಖ ನೋಡಿ, ಗ್ಯಾರೇಜಿಗೆ ಹೋಗುತ್ತಿದ್ದರು. "ನೀನು ಓದು. ಜೋರಾಗಿ ಓದು" ಎನ್ನುತ್ತಿದ್ದರು ಅಂಕಲ್. ನಾನು ದನಿ ಏರಿಸುತ್ತಿದ್ದೆ. ನಿನ್ನ ದನಿ ಆ ಕೋಣೆಗೆ ಬಾರದಂತೆ ತಡೆದದ್ದರಲ್ಲಿ ನನ್ನ ಪಾಲೂ ಇದೆ.

ಆ ಶನಿವಾರ ಕೈಗೆ ಬಂದದ್ದು ಆ ಮನೆಯ ಯಜಮಾನ ತನ್ನ ಹಿರಿಯ ಮಗನಿಗೆ ಬರೆದ ಪತ್ರ. ಮೊದಲ ಅರ್ಧ ದನ, ಹುಲ್ಲು, ಒಕ್ಕಲಿನವರ ಮಾತು. ನಾನು ಜೋರಾಗಿ ಓದುತ್ತಲೇ ಕಣ್ಣನ್ನು ಮುಂದಕ್ಕೆ ಓಡಿಸಿದೆ — ಓಡಿಸಿದವಳು ಅಲ್ಲೇ ನಿಂತೆ. ಮಗ ಚರ್ಚು ಬದಲಿಸಿದ್ದ. ಜಮೀನು ಅವನದಾಗಿತ್ತು. ಅಪ್ಪ ಅದಕ್ಕೆ ಉತ್ತರ ಬರೆದಿದ್ದ: ಕಾನೂನು ಕೊಟ್ಟದ್ದನ್ನು ನೀನು ತೆಗೆದುಕೊಂಡೆ, ದೇವರ ವಿಷಯ ನಿನಗೂ ದೇವರಿಗೂ ಬಿಟ್ಟದ್ದು, ಅದರ ಬಗ್ಗೆ ನಾನು ಕೇಳುವುದಿಲ್ಲ, ಬೆಂಕಿಯ ಪಕ್ಕದ ನಿನ್ನ ಕುರ್ಚಿಯಲ್ಲಿ ಯಾರನ್ನೂ ಕೂರಿಸಿಲ್ಲ, ದಾರಿ ಕೆಸರಾಗುವ ಮೊದಲು ಬಾ. ಹನ್ನೊಂದು ಸಾಲು, ಮುತ್ತಿನಂಥ ಅಕ್ಷರ. ಸ್ಮಿತಾ, ನೀನು ನನಗೆ ಆ ಗಳಿಗೆಯೇ ನೆನಪಾದೆ. ಗ್ಯಾರೇಜಿನಿಂದ ನಿನ್ನ ಅಮ್ಮನ ದನಿ ಕೇಳಿಸುತ್ತಿತ್ತು.

"ಎಂತ, ನಿಲ್ಲಿಸಿದ್ದು? ಓದ್ಲಿಕ್ಕೆ ಆಗುದಿಲ್ವಾ?"

"ಇಲ್ರಿ ಅಂಕಲ್. ಮಸಿ ಹರಡೇತ್ರಿ."

ಅವರು ತಲೆಯಾಡಿಸಿ ಮುಂದಿನ ಪತ್ರ ತೆಗೆ ಎಂದರು. ಅಷ್ಟೇ.

ಯಾಕೆ ಸುಳ್ಳು ಹೇಳಿದೆ? ಆ ಮನೆತನ ಬದಲಾಗಲಿಲ್ಲ ಎಂಬುದರ ಮೇಲೆಯೇ ನಾವಿಬ್ಬರೂ ಸೇರಿ ಒಂದು ಲೇಖನ ಬರೆದು ಇತಿಹಾಸದ ಪತ್ರಿಕೆಯೊಂದಕ್ಕೆ ಕೊಟ್ಟಿದ್ದೆವು, ಅದನ್ನು ಜೊತೆಗಿಟ್ಟು ನಾನು ಪಿಎಚ್‌ಡಿಗೆ ಅಪ್ಲೈ ಮಾಡಿದ್ದೆ. ಆ ಸಾಲುಗಳನ್ನು ಓದಿದ್ದರೆ ಅಂಕಲ್ ಮರುದಿನವೇ ಲೇಖನ ಹಿಂದಕ್ಕೆ ಪಡೆಯುತ್ತಿದ್ದರು. ಒಂದು ತಾರೀಖು ತಪ್ಪಿದೆ ಎಂದು ಇಡೀ ಅಧ್ಯಾಯ ಹರಿದು ಹಾಕಿದ ಮನುಷ್ಯ ಅವರು. ನನಗೆ ಸೀಟು ಸಿಕ್ಕಿತು. ಅಂಕಲ್ ಪಾಯಸ ಮಾಡಿಸಿದರು, ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಹೇಳಬಹುದಿತ್ತು. ಮೂರು ವರ್ಷ ಸಮಯವಿತ್ತು — ಪ್ರತಿ ಸಲ ಮುಂದಿನ ವಾರ, ಪುಸ್ತಕ ಮುಗಿಯಲಿ, ಅವರ ಆರೋಗ್ಯ ಸುಧಾರಿಸಲಿ... ಕಳೆದ ವರ್ಷ ಅವರು ಹೋದರು. ಪುಸ್ತಕ ಮುಗಿಯಲಿಲ್ಲ. ಅಂತ್ಯಕ್ರಿಯೆಯ ದಿನ ನೀನು ಕೊನೆಯ ಸಾಲಿನಲ್ಲಿ, ಕರೆಯದೆ ಬಂದವಳ ಹಾಗೆ ನಿಂತಿದ್ದೆ. ನಾನು ಮೂರನೆಯ ಸಾಲಿನಲ್ಲಿದ್ದೆ, ಮನೆಯವಳ ಹಾಗೆ.

ಆ ಪತ್ರ ಕೇಳಿದ್ದರೆ ಅಂಕಲ್ ಎದ್ದು ಹೋಗಿ ನಿನ್ನ ಅಮ್ಮನ ಕೈಯಿಂದ ಫೋನು ತೆಗೆದುಕೊಳ್ಳುತ್ತಿದ್ದರು ಎಂದು ನಾನು ಹೇಳಲಾರೆ. ತೆಗೆದುಕೊಳ್ಳದೆಯೂ ಇರಬಹುದಿತ್ತು. ಆದರೆ ಅದನ್ನು ತೀರ್ಮಾನಿಸಬೇಕಾದವರು ಅವರು. ಅವರಿಗೆ ಬಂದ ಒಂದೇ ಅವಕಾಶವನ್ನು ನಾನು ಎರಡು ಮಾತಿನಲ್ಲಿ ಮುಚ್ಚಿದೆ.

ಲೇಖನ ತಪ್ಪೆಂದು ಪತ್ರಿಕೆಗೆ ನಿನ್ನೆ ಬರೆದು ಕಳಿಸಿದೆ; ತಪ್ಪು ನನ್ನದು, ಅಂಕಲ್‌ರದಲ್ಲ ಎಂದೂ ಬರೆದೆ. ಅದು ಸುಲಭದ ಕೆಲಸವಾಗಿತ್ತು. ನಿನಗೆ ಕನ್ನಡ ಓದಲು ಬಾರದು, ಕೇಳಿದರೆ ಅರ್ಥವಾಗುತ್ತದೆ. ಹಾಗಾಗಿ ಇದನ್ನು ಅಂಚೆಗೆ ಹಾಕುತ್ತಿಲ್ಲ. ಈ ಶನಿವಾರ ಡ್ರೈವ್ ಮಾಡಿಕೊಂಡು ಹತ್ತು ಗಂಟೆಗೆ ನಿನ್ನ ಮನೆ ಬಾಗಿಲಿಗೆ ಬರುತ್ತೇನೆ. ಮೊದಲು ಇದನ್ನು, ಆಮೇಲೆ ಆ ಹನ್ನೊಂದು ಸಾಲನ್ನು, ಒಂದನ್ನೂ ಬಿಡದೆ ಓದುತ್ತೇನೆ. ಓದಿ ಮುಗಿದ ಮೇಲೆ ನೀನು ಹೊರಡು ಎಂದರೆ ಹೊರಡುತ್ತೇನೆ.