ಪಗಾರ ಮತ್ತು ಜೀತ

ಸರ್ಕಾರಿ ನೌಕರರ ವೇತನ ಪರಿಷ್ಕರಣೆಯ ಆದೇಶ ಹೊರಬಿದ್ದ ಸಂಜೆ ನಮ್ಮ ಮನೆಯ ಮಾಲೀಕರು ಪೂತರೇಕು ಎಂಬ ಆಂಧ್ರದ ಸಿಹಿಯ ಡಬ್ಬ ಹಿಡಿದುಕೊಂಡು ಮಹಡಿ ಹತ್ತಿ ಬಂದರು. ವಿಜಯವಾಡದ ಭವಾನಿಪುರಂನ ಅವರ ಮನೆಯಲ್ಲಿ ಮೇಲಿನ ಭಾಗ ನಮಗೆ, ಕೆಳಗೆ ಅವರು ಮತ್ತು ಅವರ ತಾಯಿ. ಮಾಲೀಕರು ಆಂಧ್ರ ಸರ್ಕಾರದ ಹಣಕಾಸು ಇಲಾಖೆಯಲ್ಲಿ ಅಧಿಕಾರಿ. ಹಿಂದೆ ಅನಂತಪುರದ ಕಡೆ ಕೆಲಸ ಮಾಡಿದ್ದರಿಂದ ನಮ್ಮೊಡನೆ ತೆಲುಗು ಬೆರೆಸಿದ ಕನ್ನಡ ಮಾತಾಡುತ್ತಿದ್ದರು.

“ತಿನಂಡಿ ಮೇಡಂ. ಕೊನೆಗೂ ಆಯ್ತು ಕದಾ!” ಎಂದರು.

ಆಗಬೇಕಾದ್ದೇ. ಹಗಲೆಲ್ಲ ಇದೇ ಮನುಷ್ಯ ಕಚೇರಿಯಲ್ಲಿ ಕೂತು, ನೌಕರರು ಕೇಳಿದಷ್ಟು ಕೊಟ್ಟರೆ ಖಜಾನೆಗೆ ಹೊರಲಾರದ ಹೊರೆ ಎಂದು ಟಿಪ್ಪಣಿ ಬರೆದಿದ್ದರು. ಸಂಜೆಯಾದರೆ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಅದೇ ನೌಕರರ ಜೊತೆ ಘೋಷಣೆ ಕೂಗಿದ್ದರು. ಎರಡೂ ಅವರೇ ಹೇಳಿದ್ದು, ಅದೂ ನಗುತ್ತಾ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಪೂತರೇಕು ಬಾಯಲ್ಲಿ ಕಾಗದದ ಹಾಗೆ ಅಂಟಿಕೊಂಡಿತು. ಒಳ್ಳೆಯ ತುಪ್ಪದ್ದೇ ಇರಬೇಕು, ನನಗೆ ರುಚಿಸಲಿಲ್ಲ.

ನಾನೇನೂ ಈ ಕೊಳದ ಹೊರಗಿನ ಮೀನಲ್ಲ. ಧಾರವಾಡದ ಕಡೆಯವಳು, ಬ್ಯಾಂಕ್ ಅಧಿಕಾರಿ. ಎಷ್ಟೋ ವರ್ಷಗಳ ಹಿಂದೆ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದೆ, ಅಲ್ಲಿಂದ ವಿಜಯವಾಡಕ್ಕೆ. ನಮ್ಮ ಬ್ಯಾಂಕುಗಳ ವೇತನ ಒಪ್ಪಂದವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಆಗಿತ್ತು. ಹಿಂಬಾಕಿ ಖಾತೆಗೆ ಬಿದ್ದ ದಿನ ನನ್ನ ಶಾಖೆಯವರು ಬಿರಿಯಾನಿ ತರಿಸಿ, ಎಲುಬು ಚೀಪುತ್ತಾ, ಏರಿಸಿದ್ದು ಸಾಲದೆಂದು ಒಪ್ಪಂದ ಮಾಡಿಕೊಂಡ ಸಂಘದವರಿಗೆ ಮನಸಾರೆ ಬೈದರು. ಕೌಂಟರಿನಾಚೆ ನಿಂತಿದ್ದ ಪಿಂಚಣಿದಾರರಿಗೆ ಊಟದ ಸಮಯ ಎಂಬ ಫಲಕ ತೋರಿಸಿದರು. ಮರುವಾರ ಮಾಲೀಕರು ಬಾಡಿಗೆ ಏರಿಸಿದರು. “ನಿಮಗೂ ಸೆಟಲ್‌ಮೆಂಟ್ ಆಯ್ತು ಕದಮ್ಮಾ” ಅನ್ನುವುದೊಂದೇ ಅವರ ಕಾರಣ. ಅದನ್ನು ಕೊಟ್ಟೆ. ನನ್ನನ್ನು ಸುಟ್ಟದ್ದು ಅದಲ್ಲ, ನನ್ನ ಮಗಳ ವಿಷಯ.

ಮಗಳು ಬೆಳೆದದ್ದು ವಿಶಾಖಪಟ್ಟಣದಲ್ಲಿ. ಸಮುದ್ರದ ಗಾಳಿಯ ಜೊತೆ ತೆಲುಗೂ ಅವಳ ಮೈಗೆ ಹತ್ತಿತು, ಕನ್ನಡ ಅಡುಗೆಮನೆಯಷ್ಟಕ್ಕೆ ಉಳಿಯಿತು. ಅಲ್ಲೇ ಲ್ಯಾಬ್ ಟೆಕ್ನೀಷಿಯನ್ ಕೋರ್ಸು ಮುಗಿಸಿ, ನಾವು ವಿಜಯವಾಡಕ್ಕೆ ಬಂದ ಮೇಲೆ ಇಲ್ಲಿಯ ಒಂದು ಸರ್ಕಾರಿ ಆಸ್ಪತ್ರೆ ಸೇರಿದಳು. ಸೇರಿದಳು ಅನ್ನುವುದೂ ತಪ್ಪೇ. ಯಂತ್ರ ಸರ್ಕಾರದ್ದು, ರೋಗಿಗಳು ಸರ್ಕಾರವನ್ನು ನಂಬಿ ಬಂದವರು, ಬೈಯುವ ಡಾಕ್ಟರೂ ಸರ್ಕಾರದವರೇ. ಅವಳೊಬ್ಬಳು ಮಾತ್ರ ಏಜೆನ್ಸಿಯವಳು, ಹೊರಗುತ್ತಿಗೆ. ಇಂದಲ್ಲ ನಾಳೆ ಕಾಯಂ ಮಾಡುತ್ತಾರೆ, ಸಲ್ಲಿಸಿದ ಸೇವೆಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ ಎಂದು ಅಧಿಕಾರಕ್ಕೆ ಬಂದವರೆಲ್ಲ ಮೂಗಿಗೆ ತುಪ್ಪ ಸವರಿ ಹೋದರು. ಅವಳು ನಂಬಿದಳು. ನಾನು ಅವಳಿಗಿಂತ ಹೆಚ್ಚು ನಂಬಿದೆ.

ಒಮ್ಮೆ ಧಾರವಾಡದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಚಿಕ್ಕಮ್ಮ ಅವಳ ನೌಕರಿ ವಿಚಾರಿಸಿದರು. ಇವಳು ಎಲ್ಲರಿಗೂ ಕೇಳಿಸುವಂತೆ, “ಕೆಲಸ ಛಲೋ ಅದ ಅಜ್ಜಿ, ಜೀತ ಭಾಳ ಕಡಿಮಿ” ಅಂದುಬಿಟ್ಟಳು. ತೆಲುಗಿನಲ್ಲಿ ಜೀತಂ ಎಂದರೆ ತಿಂಗಳ ಸಂಬಳ. ನಮ್ಮಲ್ಲಿ ಅದು ಸಾಲ ತೀರುವವರೆಗೆ ಒಡೆಯನ ಮನೆಯಲ್ಲಿ ದುಡಿಯುವುದು. ಹೋಳಿಗೆ ಮುರಿಯುತ್ತಿದ್ದ ಕೈಗಳು ನಿಂತವು.

“ಯಾರ ಮನ್ಯಾಗ ಜೀತಕ್ಕ ಇಟ್ಟೀಯವಾ ಹುಡುಗೀನ?” ಎಂದು ನನ್ನ ಅಣ್ಣ ಕೇಳಿದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ, ಆಮೇಲೆ ಅವಳನ್ನು ಗದರಿದೆ: “ಪಗಾರ ಅನ್ನು, ಇಲ್ಲಾ ಸಂಬಳ ಅನ್ನು. ಮಂದಿ ಮುಂದ ಮರ್ಯಾದಿ ತಗೀಬ್ಯಾಡ.” ತಲೆಯಾಡಿಸಿದಳು. ಮುಂದಿನ ತಿಂಗಳೂ ಜೀತ ಅಂದಳು, ನಾನು ಮತ್ತೆ ತಿದ್ದಿದೆ. ಹೀಗೇ ನಡೆದಿತ್ತು.

ಪರಿಷ್ಕರಣೆಯ ಸಿಹಿ ಹಂಚಿ ಮುಗಿಯುವಷ್ಟರಲ್ಲಿ ಅವಳ ಆಸ್ಪತ್ರೆಗೆ ಇನ್ನೊಂದು ಆದೇಶ ಬಂತು. ಖರ್ಚು ಹಿಡಿತದಲ್ಲಿಡಬೇಕಾದ್ದರಿಂದ ಹೊರಗುತ್ತಿಗೆಯವರನ್ನು ಕಡಿಮೆ ಮಾಡುವುದು, ಉಳಿದವರು ಹೊಸ ಏಜೆನ್ಸಿಯ ಮೂಲಕ ಹೊಸದಾಗಿ ಸೇರುವುದು. ಹೊಸದಾಗಿ ಎಂದರೆ ಇದುವರೆಗೆ ಮಾಡಿದ ಸೇವೆ ಸೊನ್ನೆ. ಇದೇ ಮೊದಲ ಸಲ ಕೆಲಸಕ್ಕೆ ಬರುತ್ತಿದ್ದೇನೆ ಎಂದು ಸಹಿ ಹಾಕಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಬರೆಯ ವಾಸನೆ ಮನೆಯೊಳಕ್ಕೆ ಬಂದದ್ದು ಆಗ.

ಗೇಟಿನ ಬಳಿ ಸಿಕ್ಕ ಮಾಲೀಕರನ್ನು ಕೇಳಿಯೇಬಿಟ್ಟೆ. ಅವರು ಮುಚ್ಚಿಡಲಿಲ್ಲ, ಆ ಆದೇಶದ ಟಿಪ್ಪಣಿಯೂ ತಮ್ಮ ಮೇಜಿನಿಂದಲೇ ಹೋದದ್ದು ಎಂದರು. “ಸಂಬಳ ಏರಿಸಿದ ಖರ್ಚು ಎಲ್ಲಾದರೂ ಸರಿ ಮಾಡ್ಕೋಬೇಕು ಕದಮ್ಮಾ. ರೆಗ್ಯುಲರ್‌ನೋರ ಮೇಲೆ ಕೈ ಹಾಕಿದ್ರೆ ಊರೇ ಬಂದ್ ಆಗ್ತದೆ. ಇವರನ್ನ ಯಾರೂ ಕೇಳೋದಿಲ್ಲ.” ಸೌತೆಕಾಯಿ ಯಾಕೆ ಕಹಿ ಎಂದು ವಿವರಿಸುವವರ ಹಾಗೆ, ಅಷ್ಟು ಸಹಜವಾಗಿ ಹೇಳಿದರು. ಕೆಟ್ಟವರಲ್ಲ. ನೀರಿನ ಮೋಟಾರು ಕೆಟ್ಟಾಗ ತಾವೇ ನಿಂತು ರಿಪೇರಿ ಮಾಡಿಸಿಕೊಡುವವರು. ಅದಕ್ಕೇ ನನಗೆ ಇನ್ನಷ್ಟು ಹೇಸಿಗೆಯಾಯಿತು. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು.

ಮಗಳು ಆ ಕಾಗದವನ್ನು ಊಟದ ಮೇಜಿನ ಮೇಲೆ ಹರಡಿ ಕೂತಳು. ಬ್ಯಾಂಕಿನವಳ ಬುದ್ಧಿ ನನ್ನದು. “ಸಹಿ ಮಾಡು, ಮೊದಲು ಕೆಲಸ ಉಳಿಸ್ಕೋ” ಎಂದೆ.

“ಹಂಗಾರ ಇಷ್ಟು ವರ್ಷ ಅಲ್ಲಿ ರಕ್ತ ತಗದಾಕಿ ಯಾರವ್ವಾ? ಕೋವಿಡ್‌ನ್ಯಾಗ ಡ್ಯೂಟಿಗೆ ಹೋದಾಕಿ ಯಾರು?”

ಕೋವಿಡ್ ಕಾಲದಲ್ಲಿ ಅವಳನ್ನು ಬಚ್ಚಲಿಗೆ ಕಳಿಸಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಬಾಗಿಲ ಹೊರಗೆ ತಟ್ಟೆ ಇಟ್ಟವಳು ನಾನೇ.

“ನೀ ಯಾವಾಗಲೂ ತಿದ್ದತಿದ್ದಿ” ಎಂದಳು. “ಈಗ ಹೇಳು, ನಂದು ಪಗಾರೋ, ಜೀತವೋ?”

ಈ ಸಲ ನಾನು ತಿದ್ದಲಿಲ್ಲ. ಅವಳು ಸಹಿಯನ್ನೂ ಮಾಡಲಿಲ್ಲ. ತಿಂಗಳ ಕೊನೆಗೆ ಪಟ್ಟಿಯಿಂದ ಅವಳ ಹೆಸರು ಹೋಯಿತು. ಲ್ಯಾಬಿನಲ್ಲಿ ಉಳಿದಿದ್ದ ಇನ್ನೊಬ್ಬ ಹುಡುಗಿ ಮೂವರ ಕೆಲಸವನ್ನು ಒಬ್ಬಳೇ ಎಳೆಯಲಾರದೆ ಕೈ ಬಿಟ್ಟು ಗುಂಟೂರಿಗೆ ಹೋದಳು.

ಮಗಳು ಖಾಸಗಿ ಲ್ಯಾಬುಗಳಿಗೆ ಅಲೆಯುತ್ತಿದ್ದಳು. ಎಲ್ಲ ಕಡೆಯೂ ಅನುಭವದ ಪತ್ರ ಕೇಳಿದರು. ಹಳೆಯ ಏಜೆನ್ಸಿ ಮುಚ್ಚಿತ್ತು. ಆಸ್ಪತ್ರೆಯವರು, ನೀನು ನಮ್ಮವಳಲ್ಲ, ಪತ್ರ ಹೇಗೆ ಕೊಡುವುದು ಎಂದರು.

ಹೀಗಿರುವಾಗ ಒಂದು ಬೆಳಿಗ್ಗೆ ಮಾಲೀಕರು ಮತ್ತೆ ಮಹಡಿ ಹತ್ತಿ ಬಂದರು. ಅವರ ತಾಯಿಗೆ ಮೂತ್ರಪಿಂಡದ ತೊಂದರೆ. ಇಷ್ಟು ಕಾಲ ನನ್ನ ಮಗಳೇ ಕೆಲಸಕ್ಕೆ ಹೊರಡುವ ಮುನ್ನ ಮುದುಕಿಯ ರಕ್ತ ತೆಗೆದು ಆಸ್ಪತ್ರೆಯ ಲ್ಯಾಬಿಗೆ ಒಯ್ದು, ಸಂಜೆ ವರದಿ ತಂದು ಕೊಡುತ್ತಿದ್ದಳು. ಆಕೆಯ ಕಾಲು ಊದಿದೆಯಂತೆ. ಪರೀಕ್ಷೆ ಮಾಡಿಸಿಬಿಡಮ್ಮಾ ಎಂದು, ಏನೂ ಆಗದವರ ಹಾಗೆ, ಮಗಳಿಗೆ ಹೇಳಲು ಬಂದಿದ್ದರು.

“ರಕ್ತ ತಗೀತೀನಿ ಅಂಕಲ್” ಎಂದಳು ಮಗಳು. “ಪರೀಕ್ಷೆ ಯಾರು ಮಾಡ್ತಾರ? ಮಷಿನ್ ಅಲ್ಲೇ ಅದ. ಮುಟ್ಟೋರು ಯಾರೂ ಇಲ್ಲ.”

ಅವರ ಮುಖ ಸಪ್ಪಗಾಯಿತು. ಈಗಲಾದರೂ ಈ ಮನುಷ್ಯನಿಗೆ ತಾನು ಬರೆದದ್ದು ತಾಗಿರಬೇಕು ಎಂದುಕೊಂಡೆ. ದೇವರಾಣೆಗೂ, ಒಂದು ಕ್ಷಣ ಅವರ ಮೇಲೆ ಕರುಣೆಯೂ ಬಂತು.

ಅಷ್ಟರಲ್ಲಿ ಅವರ ಮುಖ ಅರಳಿತು.

“ಪರವಾಲೇದಮ್ಮಾ, ಪ್ರೈವೇಟ್‌ನಲ್ಲಿ ಮಾಡಿಸ್ತೀನಿ. ಬಿಲ್ಲು ಹಾಕ್ಕೊಂತೀನಿ. ಗೌರ್ಮೆಂಟೇ ಕೊಡ್ತದೆ ಕದಾ” ಎಂದು ನಮಗೇ ಸಮಾಧಾನ ಹೇಳಿ, ಮೆಟ್ಟಿಲಿಳಿಯತೊಡಗಿದರು.

ಥೂ ಎಂದೆ. ಕೇಳಿಸಲಿ ಎಂದೇ ಅಂದೆ.